ಅಲಗು ಕಾಯುವ ಕಣ್ಣು

“ಇಷ್ಟು ಚೂರು ಅಂಟು ನೋಡಿ ನಿಮ್ಮ ಭಾವನ ತಪ್ಪಿಲ್ಲ ಅಂತ ಹೇಳ್ತೀರಾ ಸಾರ್?”

ಇನ್‌ಸ್ಪೆಕ್ಟರ್ ಮೇಡಂ ನನ್ನ ಕೈಯಿಂದ ಭೂತಗನ್ನಡಿ ತೆಗೆದುಕೊಂಡು ಮೇಜಿನ ಮೇಲಿದ್ದ ಹಸಿರು ಬೋರ್ಡಿನತ್ತ ಬಗ್ಗಿದರು. ಒಂದು ಕಾಲಕ್ಕೆ ನನ್ನ ಕೈಕೆಳಗೆ ಕೆಲಸ ಕಲಿತವರು. ಈಗ ಕುರ್ಚಿ ಅವರದು, ಸ್ಟೂಲು ನನ್ನದು. ನಿವೃತ್ತ ಪೊಲೀಸನಿಗೆ ಠಾಣೆಯಲ್ಲಿ ಅದಕ್ಕಿಂತ ಹೆಚ್ಚಿನ ಮರ್ಯಾದೆ ಸಿಗುವುದಿಲ್ಲ ಬಿಡಿ.

“ಅಂಟಲ್ಲ ಮೇಡಂ. ಬೆಸುಗೆ ಹಾಕೋವಾಗ ಹಚ್ಚೋ ಪೇಸ್ಟು. ಬೋರ್ಡಿನ ಉಳಿದ ಬೆಸುಗೆಗಳನ್ನ ನೋಡಿ, ತೊಳೆದಿಟ್ಟ ತಟ್ಟೆ ಹಾಗಿವೆ. ಈ ಒಂದರ ಸುತ್ತ ಮಾತ್ರ ಹಳದಿ ಕಟ್ಟಿದೆ. ಮೇಲೆ ಯಾರದೋ ಬೆರಳಿನ ಗುರುತೂ ಇದೆ.”

“ಅವಸರದಲ್ಲಿ ತೊಳೆಯೋದು ಮರೆತಿರಬಹುದು.”

“ನಮ್ಮ ಭಾವನಾ?”

ನಗುವ ಹೊತ್ತಲ್ಲ, ಆದರೂ ನಗು ಬಂತು. ಅಕ್ಕನನ್ನು ಮದುವೆಯಾದ ದಿನದಿಂದ ಈ ಮನುಷ್ಯ ಮನೆಯ ಕನ್ನಡಿಯ ಮೇಲೆ ಒಂದು ಬೆರಳು ಗುರುತು ಕಂಡರೂ ಊಟ ಬಿಟ್ಟು ಎದ್ದು ಒರೆಸಿದವರು. ರಿಪೇರಿ ಅಂಗಡಿಯಲ್ಲಿ ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು ಕೂರುತ್ತಾರೆ. ಒಂದೊಂದು ಬೆಸುಗೆ ಆದಮೇಲೂ ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಉಜ್ಜುತ್ತಾರೆ. ಬೋರ್ಡಿನ ಈ ಭಾಗದಲ್ಲಿ ಹರಿಯುವ ಕರೆಂಟ್ ಎಷ್ಟು ಕಡಿಮೆ ಎಂದರೆ ಬೆರಳಿನ ಜಿಡ್ಡಿನ ಮೇಲೂ ದಾರಿ ಮಾಡಿಕೊಂಡು ಸೋರಿಹೋಗುತ್ತದಂತೆ.

ಕಳೆದ ವಾರ ಒಂದು ಸಂಜೆ ಊರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಕಟಿಂಗ್ ಮಷೀನು ಅಲ್ಲಿಯ ಮೇಸ್ತ್ರಿಯ ಎರಡೂ ಕೈಗಳನ್ನು ಮಣಿಕಟ್ಟಿನಲ್ಲಿ ತುಂಡರಿಸಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಆತ ಸತ್ತಿದ್ದ. ಮಷೀನಿಗೆ ಕಾವಲು ಬೋರ್ಡು ಮಾಡಿಕೊಟ್ಟ ಭಾವನ ಮೇಲೆ ಪ್ರೆಸ್ಸಿನ ಯಜಮಾನರು ದೂರು ಕೊಟ್ಟರು. ಬೆಳಿಗ್ಗೆ ಹಿಡಿದು ತಂದ ಭಾವ ಈಗ ಇದೇ ಠಾಣೆಯ ಲಾಕಪ್ಪಿನಲ್ಲಿ, ಗೋಡೆಗೆ ಬೆನ್ನು ತಾಗಿಸದೆ ನೆಟ್ಟಗೆ ಕೂತಿದ್ದರು. ಗೋಡೆ ಕೊಳಕಾಗಿತ್ತು.

ಬೋರ್ಡಿನ ವಿಷಯವನ್ನು ಮೇಡಂಗೆ ಇನ್ನೊಮ್ಮೆ ಹೇಳಿದೆ. ನನಗೂ ಅದು ಭಾವ ಸರಳಿನ ಆಚೆಯಿಂದ ಹೇಳಿಕೊಟ್ಟ ಪಾಠವೇ.

ಅಲಗಿನ ಮುಂದೆ ಒಂದು ಕಡೆ ಪುಟ್ಟ ದೀಪ, ಎದುರು ಕಡೆ ಬೆಳಕು ಹಿಡಿಯುವ ಸೆನ್ಸರ್. ಪ್ರೆಸ್ಸಿನವರು ಅದನ್ನು ಕಣ್ಣು ಅನ್ನುತ್ತಾರೆ. ಬೆಳಕು ಬಿದ್ದಾಗ ಆ ಕಣ್ಣು ಕೊಡುವ ಕರೆಂಟಿಗೆ ಒಂದು ಸ್ವಿಚ್ಚೂ ಅಲ್ಲಾಡುವುದಿಲ್ಲ. ಅದನ್ನು ಕೆಲಸಕ್ಕೆ ಬರುವ ವೋಲ್ಟೇಜಾಗಿ ಮಾಡುವುದೇ ಭಾವನ ಬೋರ್ಡಿನ ಕೆಲಸ. ಬೋರ್ಡಿನಲ್ಲಿ ಒಂದು ಐಸಿ ಚಿಪ್ಪು, ಅದಕ್ಕೆ ಅಡ್ಡಲಾಗಿ ಒಂದು ರೆಸಿಸ್ಟರ್. ಇಷ್ಟು ಕರೆಂಟಿಗೆ ಇಷ್ಟು ವೋಲ್ಟೇಜ್ ಎಂದು ತೀರ್ಮಾನಿಸುವುದು ಆ ರೆಸಿಸ್ಟರ್. ವೋಲ್ಟೇಜ್ ಇದ್ದರೆ ದಾರಿ ಖಾಲಿ ಇದೆ, ಅಲಗು ಇಳಿಯಬಹುದು. ಕೈ ಅಡ್ಡ ಬಂದರೆ ಬೆಳಕು ತಪ್ಪಿ ವೋಲ್ಟೇಜ್ ಬೀಳುತ್ತದೆ, ಅಲಗು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ.

ರೆಸಿಸ್ಟರಿನ ಅಳತೆಯನ್ನು ಅದರ ಮೇಲಿನ ಬಣ್ಣದ ಪಟ್ಟೆಗಳೇ ಹೇಳುತ್ತವೆ. ಭಾವ ಲೆಕ್ಕ ಹಾಕಿ ಕೂರಿಸಿದ್ದು ಕಂದು, ಕಪ್ಪು, ಹಸಿರು ಪಟ್ಟೆಯ ರೆಸಿಸ್ಟರ್. ಈಗ ಬೋರ್ಡಿನಲ್ಲಿ ಇರುವುದು ಕಂದು, ಕಪ್ಪು, ನೀಲಿ. ಹತ್ತು ಪಟ್ಟು ದೊಡ್ಡದು. ಕೋಣೆಯ ಚೂರುಪಾರು ಬೆಳಕನ್ನೂ ಅದು ಹತ್ತು ಪಟ್ಟು ಹಿಗ್ಗಿಸಿ, ಕೈ ಅಡ್ಡ ಇದ್ದರೂ ಇಲ್ಲ ಎಂದು ಅಲಗಿಗೆ ಸುಳ್ಳು ಹೇಳಬಲ್ಲದು. ವಯಸ್ಸಾದ ರಿಪೇರಿಯವನಿಗೆ ಹಸಿರಿಗೂ ನೀಲಿಗೂ ವ್ಯತ್ಯಾಸ ಕಾಣಲಿಲ್ಲ ಅನ್ನುವುದು ಪೊಲೀಸರ ವಾದ.

ಮೇಡಂ ಭೂತಗನ್ನಡಿ ಕೆಳಗಿಟ್ಟರು. “ಸರಿ, ಬೇರೆ ಕೈ ಬಿದ್ದಿದೆ ಅಂತಲೇ ಇಟ್ಕೊಳ್ಳೋಣ. ಆ ಕೈ ಯಾರದು ಅಂತ ಒಬ್ಬರ ಬಾಯಿಂದ ಬರಲಿ ಸಾರ್. ಬಂದ್ರೆ ನಿಮ್ಮ ಭಾವನ್ನ ಇವತ್ತೇ ಮನೆಗೆ ಕಳಿಸ್ತೀನಿ. ಇಲ್ಲ ಅಂದ್ರೆ ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ಲೇಬೇಕು. ಅಲ್ಲಿಂದ ಎಲ್ಲಿಗೆ ಅಂತ ನಿಮಗೆ ನಾನು ಹೇಳಬೇಕಾ?”

ಹೇಳಬೇಕಾಗಿರಲಿಲ್ಲ. ನಾನೇ ಎಷ್ಟು ಜನರನ್ನು ಅಲ್ಲಿಗೆ ಕಳಿಸಿದ್ದೇನೆ.

ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಮಡಿಲಲ್ಲಿ ಭಾವನ ಒಗೆದು ಮಡಚಿದ ಅಂಗಿ. ನನ್ನನ್ನು ಕಂಡು ಎದ್ದಳು, ಮತ್ತೆ ಕೂತಳು.

“ಬಿಡ್ತಾರಾ?”

“ಬಿಡಿಸ್ತೀನಿ ಅಕ್ಕ.”

“ಅವರ ಎದೆನೋವಿನ ಮಾತ್ರೆ ಕೂಡ ಒಳಗೆ ಬಿಡ್ತಿಲ್ಲ ಕಣೋ, ಕೇಳಿದ್ರೆ ಕೊಡ್ತೀವಿ ಅಂತಾರೆ. ಅವರು ಕೇಳೋ ಪೈಕಿನಾ? ಜೈಲಿಗೆ ಹೋದ್ರೆ ಅವರು ತಿರುಗಿ ಬರಲ್ಲ. ನಂಗೊತ್ತು.”

ಅವಳ ಕಣ್ಣು ಕೆಂಪಗಿತ್ತು, ಆದರೆ ಅಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಬೀಳಬೇಕಾದ ಏಟುಗಳನ್ನೆಲ್ಲ ತಾನು ತಿಂದವಳು ಈ ಅಕ್ಕ. ಅವಳನ್ನು ಹಾಗೆ ನೋಡಲು ನನಗೆ ಆಗಲಿಲ್ಲ. ಹೆಗಲು ಮುಟ್ಟಿ ಹೊರಟುಬಿಟ್ಟೆ.

ಹೊರಗೆ ಹಗಲೆಂದರೆ ಹಗಲಲ್ಲ. ಮೋಡ ತಗ್ಗಿ ಚಿಮಣಿಗಳ ಹೊಗೆಯನ್ನು ಬೀದಿಗೇ ಒತ್ತಿ ಹಿಡಿದಿತ್ತು. ಅಂಗಡಿಗಳವರು ಮಧ್ಯಾಹ್ನವೇ ದೀಪ ಹಾಕಿ ಕೂತಿದ್ದರು. ಪ್ರೆಸ್ಸಿನ ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ.

ಒಳಗೆ ಎಲ್ಲದರ ಮೇಲೂ ಕಾಗದದ ಧೂಳು. ಟ್ಯೂಬ್‌ಲೈಟಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ನಿಂತ ಗಡಿಯಾರದ ಮೇಲೆ. ಕಟಿಂಗ್ ಮಷೀನಿನ ಸುತ್ತ ಮಾತ್ರ ನೆಲ ತೊಳೆದು ಸ್ವಚ್ಛವಾಗಿತ್ತು, ಅದನ್ನು ನೋಡುವುದೇ ಕಷ್ಟವಾಗಿತ್ತು. ಅಲಗಿನ ಕೆಳಗೆ ಅರ್ಧ ಕತ್ತರಿಸಿದ ಶಾಲೆಪುಸ್ತಕಗಳ ಕಟ್ಟು ಹಾಗೇ ಇತ್ತು. ಅದನ್ನು ಎಳೆದು ತೆಗೆಯಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಕಿಟಕಿಯ ಕಟ್ಟೆಯಲ್ಲಿ ಮೇಸ್ತ್ರಿಯ ಕನ್ನಡಕ, ದಾರ ಸುತ್ತಿದ ಒಂದು ಕಡ್ಡಿಯೊಂದಿಗೆ, ತನ್ನವನಿಗಾಗಿ ಕಾಯುತ್ತಿತ್ತು.

“ಯಾರದು?”

ಪ್ರೆಸ್ಸಿನ ಎಲೆಕ್ಟ್ರಿಷಿಯನ್. ಅಂಗಿಯ ಜೇಬಿನಲ್ಲಿ ಸದಾ ಒಂದು ಟೆಸ್ಟರ್ ಇರುವುದರಿಂದ ಎಲ್ಲರೂ ಅವನನ್ನು ಟೆಸ್ಟರ್ ಎಂದೇ ಕರೆಯುತ್ತಾರೆ. ಹೆಂಡತಿ ಕೂಡ ಹಾಗೇ ಕರೆಯುತ್ತಾಳೆಂದು ತಮಾಷೆ ಮಾಡುತ್ತಿದ್ದರಂತೆ. ಈಗ ತಮಾಷೆಯ ಮುಖವಲ್ಲ. ಕೆನ್ನೆ ಒಳಗೆ ಹೋಗಿತ್ತು.

“ನಾನೇ ಕಣಪ್ಪ. ಈ ಟಾರ್ಚಿನ ಒಂದು ತಂತಿ ಬಿಟ್ಟಿದೆ. ಒಂದು ಬೆಸುಗೆ ಹಾಕಿಕೊಡ್ತೀಯಾ? ನಮ್ಮ ಭಾವ ಇದ್ದಿದ್ರೆ ಅವರ ಹತ್ರಾನೇ ಹೋಗ್ತಿದ್ದೆ.”

ಭಾವ ಅಂದಕೂಡಲೇ ಅವನು ಮುಖ ತಿರುಗಿಸಿದ. ಆದರೆ ಟಾರ್ಚ್ ತೆಗೆದುಕೊಂಡ. ಕೈಗೆ ಕೆಲಸ ಸಿಕ್ಕರೆ ಅವನಿಗೆ ಸಮಾಧಾನ ಎಂದು ಕಾಣುತ್ತದೆ. ಬೆಸುಗೆಯ ಕಾದ ಕಡ್ಡಿಯನ್ನು ಪೇಸ್ಟಿನ ಡಬ್ಬಿಗೆ ಒತ್ತಿದ, ಹೊಗೆ ಎದ್ದಿತು, ತಂತಿಗೆ ಬೆಸುಗೆ ಹನಿಸಿದ. ಬಿಸಿ ಆರುವ ಮುಂಚೆಯೇ ಹೆಬ್ಬೆರಳಿನಿಂದ ಒತ್ತಿ ನೋಡಿದ. ಒರೆಸಲಿಲ್ಲ, ತೊಳೆಯಲಿಲ್ಲ. ಹಾಗೇ ಕೊಟ್ಟ.

ಕಿಟಕಿಯ ಬೆಳಕಿಗೆ ಹಿಡಿದೆ. ಬೆಸುಗೆಯ ಸುತ್ತ ಹಳದಿ ಕಟ್ಟಿತ್ತು, ಅದರ ಮೇಲೆ ಹೆಬ್ಬೆರಳಿನ ಗೆರೆಗಳು. ಫೋನಿನಲ್ಲಿದ್ದ ಬೋರ್ಡಿನ ಚಿತ್ರ ತೆಗೆದು ಪಕ್ಕದಲ್ಲಿಟ್ಟೆ.

“ಇದೂ ಅದೂ ಒಂದೇ ಕೈಯ ಕೆಲಸ ಅಲ್ವಾ?”

ಅವನು ನೋಡಿದ. ಇನ್ನು ಓಡುತ್ತಾನೆ ಅಂದುಕೊಂಡೆ, ಓಡಲಿಲ್ಲ. ಕಾಗದದ ಬಂಡಲಿನ ಮೇಲೆ ಕುಸಿದು ಕೂತ.

“ಆ ಕಣ್ಣಿನ ಮೇಲೆ ಧೂಳು ಕೂರುತ್ತೆ ಸಾರ್. ಒರೆಸ್ತೀವಿ, ತಿರುಗಿ ನೋಡೋದ್ರೊಳಗೆ ಮತ್ತೆ ಕೂತಿರುತ್ತೆ. ಬೆಳಕು ಸಾಲದೆ ಅಲಗು ಮಧ್ಯ ಮಧ್ಯ ನಿಲ್ತಿತ್ತು. ಯಜಮಾನರು ನನ್ನ ಮೇಲೆ ಹರಿಹಾಯ್ತಿದ್ರು. ಶಾಲೆ ಶುರುವಾಗೋದ್ರೊಳಗೆ ಪುಸ್ತಕ ಕೊಡ್ಬೇಕು, ನೀನು ಮಷೀನಿಗೆ ನಿದ್ದೆ ಮಾಡಿಸ್ತಿದ್ದೀಯಾ ಅಂತ.”

“ಅದಕ್ಕೆ?”

“ಆ ರೆಸಿಸ್ಟರ್ ದೊಡ್ಡದು ಮಾಡಿದ್ರೆ ಮಂಕು ಬೆಳಕೂ ಸಾಕಾಗುತ್ತೆ ಅಂತ ನಿಮ್ಮ ಭಾವನೇ ಯಾವತ್ತೋ ಮಾತಿಗೆ ಹೇಳಿದ್ರು. ಹಾಗಂತ ಮಾಡ್ಬೇಡ ಅಂತಲೂ ಹೇಳಿದ್ರು. ನಾನು ಮೊದಲ ಮಾತು ಮಾತ್ರ ನೆನಪಿಟ್ಕೊಂಡೆ.”

“ಹಾಕಿ, ಒಂದು ಸಲ ನೋಡಲೂ ಇಲ್ವಾ?”

ಅವನು ತಲೆ ಎತ್ತಿದ. ಮೊದಲ ಸಲ ಅವನ ದನಿ ಗಟ್ಟಿಯಾಯಿತು.

“ನೋಡಿದೆ ಸಾರ್. ಮರದ ತುಂಡು ಇಟ್ಟು ನೋಡ್ಲಿಲ್ಲ, ಈ ನನ್ನ ಕೈ ಇಟ್ಟು ನೋಡಿದೆ. ಅಲಗು ನಿಂತಿತು. ಮೂರು ನಾಲ್ಕು ಸಲ ಇಟ್ಟೆ, ಪ್ರತಿ ಸಲ ನಿಂತಿತು. ಆಮೇಲೆ ಎಷ್ಟೋ ದಿನ ಮೇಸ್ತ್ರಿ ಆರಾಮಾಗಿ ಕೆಲಸ ಮಾಡಿದ್ರು.”

ಆರಾಮಾಗಿ ಅಂದರೆ ಹೇಗೆ ಎಂದು ಅವನೇ ಮಷೀನಿನ ಮುಂದೆ ನಿಂತು ತೋರಿಸಿದ. ಕೈ ತೆಗೆದ ಮೇಲೆ ಕಾಲಿನ ಪೆಡಲ್ ಒತ್ತಿ ಅಲಗು ಇಳಿಸಬೇಕು. ಆದರೆ ಈ ಪ್ರೆಸ್ಸಿನಲ್ಲಿ ಯಾರೂ ಪೆಡಲಿನಿಂದ ಕಾಲೇ ತೆಗೆಯುತ್ತಿರಲಿಲ್ಲ. ಒತ್ತಿ ಹಿಡಿದೇ ಎರಡೂ ಕೈಯಿಂದ ಕಾಗದದ ಅಂಚು ಸರಿಮಾಡುತ್ತಿದ್ದರು. ಕೈ ಇರುವತನಕ ಕಣ್ಣು ಅಲಗನ್ನು ಹಿಡಿದಿರುತ್ತದೆ, ಕೈ ತೆಗೆದ ಕ್ಷಣ ಅಲಗು ತಾನಾಗಿ ಇಳಿಯುತ್ತದೆ. ಕಾವಲಿಗೆಂದು ಇಟ್ಟದ್ದನ್ನು ಇವರು ಸ್ವಿಚ್ ಮಾಡಿಕೊಂಡಿದ್ದರು. ಕೆಲಸ ಬೇಗ ಸಾಗುತ್ತಿತ್ತು, ಯಜಮಾನರೂ ಬೆನ್ನು ತಟ್ಟುತ್ತಿದ್ದರು. ಕಣ್ಣು ಒಂದೇ ಒಂದು ಸಲ ತಪ್ಪಿದರೂ ಏನಾಗುತ್ತದೆ ಎಂದು ಯೋಚಿಸಲು ಯಾರಿಗೂ ಪುರುಸೊತ್ತು ಇರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬ ಮನುಷ್ಯನ ಜೀವ ಇಷ್ಟು ಸಸಾರವಾ ಎಂದು ಕೇಳಬೇಕೆನಿಸಿತು. ಆದರೆ ಅವನ ಮುಖ ನೋಡಿದರೆ ಆ ಪ್ರಶ್ನೆಯನ್ನು ಅವನೇ ತನಗೆ ನೂರು ಸಲ ಕೇಳಿಕೊಂಡಂತಿತ್ತು. ಅಲ್ಲದೆ ನನಗೆ ಬೇಕಾಗಿದ್ದುದು ಸಿಕ್ಕಿತ್ತು. ಭಾವ ಇವತ್ತೇ ಮನೆಗೆ.

“ಎದ್ದೇಳು. ಇಷ್ಟನ್ನೂ ಠಾಣೆಗೆ ಬಂದು ಮೇಡಂ ಮುಂದೆ ಹೇಳು. ಕೊಲೆ ಮಾಡಿದೆ ಅಂತ ಯಾರೂ ಅನ್ನಲ್ಲ.”

ಅವನು ಏಳಲಿಲ್ಲ.

“ಹೇಳ್ತೀನಿ ಸಾರ್. ಆದ್ರೆ ನೀವು ಒಂದು ಕೇಳಲೇ ಇಲ್ಲ. ನನ್ನ ಕೈ ಇಟ್ಟಾಗ ನಿಂತ ಅಲಗು ಮೇಸ್ತ್ರಿ ಕೈ ಇಟ್ಟಾಗ ಯಾಕೆ ನಿಲ್ಲಲಿಲ್ಲ?”

ಅವನು ಜೇಬಿನ ಟೆಸ್ಟರ್ ತೆಗೆದು ಮೇಲಕ್ಕೆ ತೋರಿಸಿದ. ಮಷೀನಿನ ಎಡಗಂಬಕ್ಕೆ ತಂತಿ ಸುತ್ತಿ ಕಟ್ಟಿದ ಒಂದು ದೀಪ. ತಗಡಿನ ಶೇಡು, ಒಳಗೆ ದಪ್ಪ ಬಿಳಿ ಬಲ್ಬು. ಕೋಣೆಯಲ್ಲಿ ಧೂಳು ಹಿಡಿಯದ ವಸ್ತು ಅದೊಂದೇ. ಪೊಲೀಸರೂ ಅದನ್ನು ನೋಡಿದ್ದರು, ನಾನೂ ನೋಡಿದ್ದೆ. ಕೆಲಸದ ಜಾಗದಲ್ಲಿ ದೀಪ ಇರುವುದು ಯಾರಿಗೆ ವಿಚಿತ್ರವಾಗಿ ಕಂಡೀತು?

ಅವನು ದೀಪದ ಸ್ವಿಚ್ ಒತ್ತಿದ. ಕಣ್ಣು ಕೋರೈಸುವ ಬೆಳಕು. ಅದು ಕಾಗದದ ಮೇಲೆ ಬೀಳಬೇಕಾಗಿತ್ತು. ಬಿದ್ದದ್ದು ಎದುರಿನ ಗೂಡಿನಲ್ಲಿರುವ ಆ ಕಣ್ಣಿನ ಮೇಲೆ. ನಾನು ಅಲಗಿನ ಮುಂದೆ ಕೈ ಚಾಚಿದೆ. ನನ್ನ ಕೈಯ ಮೇಲಿನಿಂದ ಹಾದು ಬೆಳಕು ನೇರ ಅಲ್ಲಿಗೆ ಹೋಗುತ್ತಿತ್ತು.

“ಹಸಿರು ಪಟ್ಟೆ ಇದ್ದಿದ್ರೆ ಈ ದೀಪಕ್ಕೆ ಬೋರ್ಡು ಕ್ಯಾರೇ ಅಂತಿರಲಿಲ್ಲ,” ಟೆಸ್ಟರ್ ಮೆಲ್ಲಗೆ ಹೇಳಿದ. “ನೀಲಿ ಪಟ್ಟೆ ಇದ್ದು ದೀಪ ಇಲ್ಲದಿದ್ರೂ ಅಲಗು ನಿಲ್ತಿತ್ತು, ನಾನೇ ನೋಡಿದ್ದೆ. ಎರಡೂ ಸೇರಿದ್ರೆ ಮಾತ್ರ ಕಣ್ಣು ಕುರುಡು.”

“ಇದು ಯಾವಾಗ ಬಂತು?”

“ಅವತ್ತೇ. ಮಧ್ಯಾಹ್ನ ಊಟಕ್ಕೆ ಬಿಟ್ಟಿದ್ದಾಗ.”

“ಯಾರು ಕಟ್ಟಿದ್ದು?”

ಅವನು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿದ, ಮತ್ತೆ ತೆಗೆದ, ಮತ್ತೆ ಸಿಕ್ಕಿಸಿದ.

“ನಿಮ್ಮ ಭಾವ.”

“ಬಾಯಿಗೆ ಬಂದದ್ದು ಹೇಳ್ಬೇಡ.” ನಾನು ಗದರಿದೆ. ಬೋರ್ಡು ಕೊಟ್ಟ ಮೇಲೆ ಪ್ರೆಸ್ಸಿನ ಕಡೆ ತಲೆಯೇ ಹಾಕಿಲ್ಲ ಎಂದು ಭಾವ ನನಗೆ ಹೇಳಿದ್ದರು. ಒಂದು ಸಲ ಅಲ್ಲ, ಕೇಳಿದಾಗಲೆಲ್ಲ.

“ನಾನು ಆ ಮೂಲೆಯಲ್ಲಿ ಬಂಡಲುಗಳ ಹಿಂದೆ ಮಲಗಿದ್ದೆ ಸಾರ್. ನಾನಿರೋದು ಅವರಿಗೆ ಗೊತ್ತಿಲ್ಲ. ಬಂದ್ರು, ಪೆಟ್ಟಿಗೆ ಬಿಚ್ಚಿ ಬೋರ್ಡು ನೋಡಿದ್ರು. ನನ್ನ ನೀಲಿ ಪಟ್ಟೆ ಸಿಕ್ಕಿಬಿತ್ತು, ಇನ್ನು ಬೈಗುಳ ಗ್ಯಾರಂಟಿ ಅಂದ್ಕೊಂಡು ಉಸಿರು ಬಿಗಿಹಿಡಿದೆ. ಅವರು ತುಟಿ ಬಿಚ್ಚಲಿಲ್ಲ. ತುಂಬಾ ಹೊತ್ತು ನೋಡ್ತಾ ನಿಂತ್ರು. ಪೆಟ್ಟಿಗೆ ಮುಚ್ಚಿದ್ರು. ಹೊರಗೆ ಹೋಗಿ ಈ ದೀಪ ತಂದು ಕಟ್ಟಿದ್ರು. ಬಗ್ಗಿ, ಅದರ ಬೆಳಕು ಕಣ್ಣಿನ ಮೇಲೆ ಬೀಳುತ್ತಾ ಅಂತ ನೋಡಿದ್ರು. ನಾನು ಅವರು ಏನೋ ಸರಿಮಾಡ್ತಿದ್ದಾರೆ ಅಂದ್ಕೊಂಡೆ. ಅವರಿಗಿಂತ ನನಗೆ ಹೆಚ್ಚು ಗೊತ್ತಾ?”

“ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?”

“ದೀಪದ ವಿಷಯ ಹೇಳಿದ್ರೆ ರೆಸಿಸ್ಟರ್ ವಿಷಯಾನೂ ಹೇಳ್ಬೇಕಲ್ಲ.”

ಮೇಸ್ತ್ರಿಯ ಮೇಲೆ ಭಾವನಿಗೆ ಏನು ದ್ವೇಷ? ಇಬ್ಬರೂ ಎದುರುಬದುರಾದರೆ ಕನ್ನಡಕದ ದಾರದ ಬಗ್ಗೆ ತಮಾಷೆ ಮಾಡಿಕೊಳ್ಳುವಷ್ಟು ಸಲುಗೆ. ಅದನ್ನೇ ಬಾಯಿಬಿಟ್ಟು ಅಂದೆ.

“ಅದೇ ನನಗೂ ತಿಳೀದು ಸಾರ್. ಸಂಜೆ ಈ ಮಷೀನಿಗೆ ಮೇಸ್ತ್ರಿ ನಿಲ್ತಾನೇ ಇರಲಿಲ್ಲ. ಸಂಜೆಯ ಕಟಿಂಗ್ ಯಾವಾಗ್ಲೂ ಯಜಮಾನರದ್ದೇ, ಬೇರೆಯವರ ಕೈಗೆ ಕೊಡ್ತಿರಲಿಲ್ಲ. ದೀಪ ಬೇಕಾಗೋದೂ ಆ ಹೊತ್ತಿಗೇ. ಅವತ್ತು ಇನ್ನೇನು ಶುರುಮಾಡ್ಬೇಕು ಅನ್ನೋವಾಗ ಅವರಿಗೆ ಯಾರದೋ ಫೋನ್ ಬಂತು. ಸ್ವಲ್ಪ ನಿಂತ್ಕೋ ಅಂತ ಮೇಸ್ತ್ರಿಗೆ ಹೇಳಿ ಎದ್ದು ಹೋದ್ರು. ಮೇಸ್ತ್ರಿ ದೀಪ ಹಾಕಿದ್ರು, ಕೈ ಇಟ್ರು, ಪೆಡಲ್ ಮೇಲೆ ಕಾಲಿಟ್ರು. ಮೊದಲನೇ ಕಟ್ಟಿಗೇ ಹೋಯ್ತು ಸಾರ್.”

ಇಬ್ಬರೂ ಠಾಣೆಗೆ ನಡೆದೆವು. ಮೆಟ್ಟಿಲ ಬಳಿ ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

“ರೆಸಿಸ್ಟರ್ ವಿಷಯ ಹೇಳು. ದೀಪದ ವಿಷಯ ನಾನು ಹೇಳ್ತೀನಿ.”

ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವನು ಸಾಕ್ಷಿಗೆ ಹೇಳುವ ಮಾತಲ್ಲ ಅದು. ಮೊದಲು ಭಾವನನ್ನು ಕೇಳಬೇಕು, ಆಮೇಲೆ ಉಳಿದದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಟೆಸ್ಟರ್ ಹೂಂ ಅಂದು ಮೇಡಂ ಕೋಣೆಗೆ ಹೋದ. ನಾನು ಅಕ್ಕನ ಮುಖ ನೋಡದೆ ಲಾಕಪ್ಪಿನ ಕಡೆ ನಡೆದೆ.

ಪೇದೆ ನನ್ನ ಮುಖ ನೋಡಿ ಸರಳಿನ ಬಾಗಿಲವರೆಗೆ ಬಿಟ್ಟ. ಭಾವ ಇನ್ನೂ ಗೋಡೆಗೆ ಒರಗದೆ ಕೂತಿದ್ದರು.

“ಟೆಸ್ಟರ್ ಒಪ್ಕೊಂಡ ಭಾವ. ರೆಸಿಸ್ಟರ್ ಬದಲಾಯಿಸಿದ್ದು ಅವನೇ.”

“ಗೊತ್ತಿತ್ತು,” ಅಂದರು. “ಪಾಪ, ಅವನ ಬೆಸುಗೆ ಯಾವತ್ತೂ ಕೊಳಕು.”

“ಗೊತ್ತಿದ್ರೆ ನನಗೆ ಯಾಕೆ ಹೇಳ್ಲಿಲ್ಲ?”

ಅವರು ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು.

“ದೀಪ ಕಟ್ಟಿದ್ದು ಯಾರು ಭಾವ?”

ಆಚೆ ಕೋಣೆಯಲ್ಲಿ ಟೆಸ್ಟರಿನ ದನಿ ಕೇಳಿಸುತ್ತಿತ್ತು, ಒಂದೇ ಸಮ, ಅಳುವಿನಂತೆ. ಭಾವ ಎದ್ದು ಸರಳಿನ ಹತ್ತಿರ ಬಂದರು. ಇಷ್ಟು ವರ್ಷದಲ್ಲಿ ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದು ಕಡಿಮೆ. ಈಗ ನೇರ ನೋಡಿದರು.

“ನಾನೇ. ಮೇಸ್ತ್ರಿಗೆ ಅಂತ ಕಟ್ಟಲಿಲ್ಲ. ಅವನು ಸತ್ತಾಗಿನಿಂದ ನಾನು ಒಂದು ಹೊತ್ತು ಕಣ್ಣು ಮುಚ್ಚಿಲ್ಲ. ಇಲ್ಲೇ ಇರ್ತೀನಿ, ನನ್ನ ಇಲ್ಲಿಂದ ಬಿಡಿಸ್ಬೇಡ ಅಂತ ನಿನಗೆ ಎಷ್ಟು ಸಲ ಹೇಳಿದೆ? ನೀನು ಕೇಳ್ಲಿಲ್ಲ.”

ಹೇಳಿದ್ದರು. ನಾನು ಅದನ್ನು ಸಂಕೋಚ ಅಂದುಕೊಂಡಿದ್ದೆ.

“ಯಜಮಾನನಿಗಾ? ಯಾಕೆ ಭಾವ? ಅವನು ನಿಮಗೆ ಏನು ಮಾಡಿದ್ದ?”

“ಆ ಸಂಜೆ ಅವನಿಗೆ ಫೋನ್ ಮಾಡಿ ಮಷೀನಿನಿಂದ ಎಬ್ಬಿಸಿದ್ದು ನಿಮ್ಮಕ್ಕ. ನಾನು ಏನು ಕಟ್ಟಿ ಬಂದಿದ್ದೀನಿ ಅಂತ ಸಿಟ್ಟಲ್ಲಿ ಅವಳೊಬ್ಬಳಿಗೇ ಹೇಳಿದ್ದೆ. ಯಾರನ್ನ ಉಳಿಸೋಕೆ ಮಾಡಿದಳು, ಕೊಲೆಯ ಪಾಪದಿಂದ ನನ್ನನ್ನಾ, ಮನಸ್ಸಿಗೆ ಹತ್ತಿರವಾದ ಅವನನ್ನಾ? ನನಗೆ ಕೇಳೋ ಧೈರ್ಯ ಇಲ್ಲ. ನೀನು ತಮ್ಮ, ನೀನೇ ಕೇಳು.”

ಹಿಂದೆ ಬೂಟಿನ ಸದ್ದಾಯಿತು.

“ಆಯ್ತು ಸಾರ್, ನೀವು ಹೇಳಿದ್ದೇ ನಿಜ ಆಯ್ತು,” ಮೇಡಂ ಬೀಗದ ಕೈ ಹಿಡಿದು ಬಂದರು. ಈ ಕೇಸು ಶುರುವಾದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಈಗಲೇ. “ಇನ್ನು ಇವರನ್ನ ಇಟ್ಕೊಳ್ಳೋಕೆ ನನಗೆ ಕಾರಣ ಇಲ್ಲ. ಕರ್ಕೊಂಡು ಹೋಗಿ.”

ಅವರ ಹೆಗಲ ಹಿಂದೆ ಅಕ್ಕ. ಅಂಗಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳು ಮೊದಲು ನೋಡಿದ್ದು ಗಂಡನನ್ನಲ್ಲ, ನನ್ನನ್ನು. ನಾನು ಏನು ಕೇಳಿಸಿಕೊಂಡಿದ್ದೇನೆ ಎಂದು ನನ್ನ ಮುಖದಲ್ಲಿ ಹುಡುಕುತ್ತಿದ್ದಳು, ಸಿಕ್ಕಿದ ಮೇಲೆ ತಲೆ ತಗ್ಗಿಸಿದಳು.

“ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್,” ಮೇಡಂ ಅಂದರು. “ಬೀಗಕ್ಕೆ ಅಡ್ಡ ನಿಂತಿದ್ದೀರಿ.”

ನಾನು ಅಲ್ಲಿಂದ ಅಲ್ಲಾಡಲಿಲ್ಲ.